ಪಾತ್ರ

ದಿಲ್ಲಿಯ ಪತ್ರ ಬಂದದ್ದು ಮಘೆ ಹೂಡಿದ ವಾರ.
(ಪಂಚಾಂಗದಲ್ಲಿ ಹೂಡಿತ್ತು, ಮುಗಿಲಲ್ಲಿ ಅಲ್ಲ.)
"ರಾಷ್ಟ್ರೀಯ ಹವಾಮಾನ ಸಂಘದ ಪಾತ್ರವನ್ನು
ಬೆಳೆಸುವುದು ಹೇಗೆ? ಶಾಖೆಗಳು
ತಿಂಗಳೊಳಗೆ ಸಲಹೆ ಕಳಿಸತಕ್ಕದ್ದು."
ಗದಗ ಶಾಖೆಯೆಂದರೆ ನಾನು, ಒಂದು ರಬ್ಬರ್ ಠಸ್ಸೆ,
ಕಾಲೇಜಿನ ಭೌತಶಾಸ್ತ್ರ ಕೋಣೆಯ ಬೀರುವಿನಲ್ಲಿ ಕೆಳಗಿನ ಖಣ,
ಮತ್ತು ಚಂದಾ ಬಾಕಿಯಿರುವ ಹದಿನಾಲ್ಕು ಜನ.

ಭಾನುವಾರ ಸಭೆ. ಬಂದವರು ಆರು.
ಗಿರಮಿಟ್ಟು ಇಪ್ಪತ್ತು ಮಂದಿಗೆ ಹೇಳಿದ್ದೆ.
ಪ್ರೊಫೆಸರ್ ಸೊರಟೂರರು ಅಂದರು: ಕಾಯ್ದೆ ಬೇಕು,
ವೈದ್ಯರಿಗೆ, ವಕೀಲರಿಗೆ ಇದ್ದ ಹಾಗೆ;
ನಮ್ಮ ಮುದ್ರೆಯಿಲ್ಲದೆ ಯಾರೂ
ಮುಗಿಲಿನ ಬಗ್ಗೆ ಬಾಯಿ ತೆರೆಯಕೂಡದು.
ಇನ್ನೊಬ್ಬರು: ಮೊದಲು ಲಾಂಛನ ಬದಲಿಸೋಣ,
ಆ ಕೊಡೆ ತೆಗೆದು ಉಪಗ್ರಹ ಹಾಕೋಣ.
ಬರೆದುಕೊಂಡೆ.
ಬರೆದುಕೊಳ್ಳುವುದೇ ನನ್ನ ಪಾತ್ರ.

ದುಂಡಪ್ಪ ಹೊಸಮನಿ ಸುಮ್ಮನಿದ್ದರು.
ಮೂವತ್ತೊಂದು ವರ್ಷ ಮುಂಜಾನೆ ಎಂಟೂವರೆಗೆ
ಮಳೆಮಾಪಕದ ಪಾತ್ರೆಯೆತ್ತಿ ಗಾಜಿಗೆ ಸುರುವಿದ ಕೈ ಅವರದು;
ಮದುವೆಯ ದಿನ ಕೂಡ, ಬಾಸಿಂಗ ಕಟ್ಟಿಕೊಂಡೇ, ಎನ್ನುತ್ತಾರೆ.
ಕೊನೆಗೆ ಅಂದರು: "ಪಾತ್ರೀ ಬಾಯಿ ದೊಡ್ಡದ ಮಾಡಿದ್ರ
ಮಳಿ ಹೆಚ್ಚಾಗೂದಿಲ್ರಿ ಮೇಡಮ್.
ನೀರು ಹೆಚ್ಚಾಗತದ. ಅಳತಿ ಅಷ್ಟ."

ಆಗ ಬಾಗಿಲಲ್ಲಿ ಬೆಟಗೇರಿಯ ತುಳಜಾಬಾಯಿ ಬಾಕಳೆ,
ಕಂಕುಳಲ್ಲಿ ನೂಲಿನ ಗಂಟು.
ಮೇಜಿನ ಮೇಲೆ ಬಿಚ್ಚಿದಳು:
ಕೆಂಪು ಲಡಿಯೊಳಗೆ ನೀಲಿ ಇಳಿದು, ನೀಲಿಯೊಳಗೆ ಕೆಂಪು,
ಯಾವ ಸೀರೆಯೂ ಕೇಳದ ಬದನೆಕಾಯಿ ಬಣ್ಣ.
"ಮಂಗಳವಾರ ಒಣಾ ಹವಾ ಅಂತ ರೇಡಿಯೋದಾಗ ಹೇಳಿದ್ರು.
ನಲವತ್ತು ಲಡಿ ಮಾಳಿಗಿ ಮ್ಯಾಲ ಹಾಕಿದ್ದೆ.
ಮೂರು ಗಂಟೇಕ ಬಂತು.
ರೊಕ್ಕ ಕೇಳಾಕ ಬಂದಿಲ್ಲ ನಾ.
ತಪ್ಪಾತು ಅಂತ ಹೇಳಾವ್ರು ಯಾರು?"

ಪ್ರೊಫೆಸರರು ಕನ್ನಡಕ ಒರೆಸಿಕೊಂಡರು:
ಮುನ್ಸೂಚನೆ ಇಲಾಖೆಯದಮ್ಮಾ, ನಾವು ಸಂಘ.
ನಾನು ದಾಖಲೆ ತೆರೆದೆ.
ಮಂಗಳವಾರ, ಗದಗ: ಸೊನ್ನೆ ಬಿಂದು ಸೊನ್ನೆ.
ಎರಡು ಮೈಲಿ ಆಚೆ ಬಿದ್ದ ಆ ಮಳೆ
ನಮ್ಮ ಪುಸ್ತಕದ ಪ್ರಕಾರ ಬಿದ್ದೇ ಇಲ್ಲ.

ದುಂಡಪ್ಪ ಎದ್ದರು. ಒಂದು ಲಡಿಯನ್ನು
ಕಿಟಕಿಯ ಬೆಳಕಿಗೆ ಹಿಡಿದು,
ಬಣ್ಣ ಹರಿದು ನಿಂತ ಗೆರೆಗೆ ಬೆರಳಿಟ್ಟು,
"ಹನ್ನೆರಡು ಮಿಲಿಮೀಟರಿಗೆ ಕಮ್ಮಿಯಿಲ್ಲ" ಅಂದರು.
ಆಮೇಲೆ ಅವಳ ಕಡೆ ತಿರುಗಿ ಕೈ ಮುಗಿದರು:
"ತಪ್ಪಾತವಾ."
ಬಾಡಿಗೆ ಕುರ್ಚಿ ಅಷ್ಟೊಂದು ಖಾಲಿಯಿದ್ದರೂ
ಆ ಮಾತು ಕೂರಲಿಲ್ಲ.
ನಿಂತೇ ಇತ್ತು, ಎಲ್ಲರ ನಡುವೆ, ಬಹಳ ಹೊತ್ತು.

ಆ ರಾತ್ರಿ ದಿಲ್ಲಿಗೆ ಬರೆದೆ:
ಮಾನ್ಯರೇ, ಬೆಣ್ಣಿಹಳ್ಳದ ಪಾತ್ರ
ಯಾವ ಠರಾವಿನಿಂದಲೂ ಬೆಳೆದದ್ದಲ್ಲ.
ಹೆಸರಿಲ್ಲದ ಬದುವುಗಳಿಂದ ನೀರು ಬಂದು ಬಂದು
ಅದಕ್ಕೆ ಅಗಲವಾಗದೆ ಗತಿಯಿರಲಿಲ್ಲ.
ಸದಸ್ಯತ್ವದ ಅರ್ಜಿಯಲ್ಲಿ 'ಪದವಿ' ಎಂಬ ಕಾಲಂ ಹೊಡೆದುಹಾಕಿ
'ಮುಗಿಲು ಯಾಕೆ ನೋಡುತ್ತೀರಿ' ಎಂದು ಬರೆದಿದ್ದೇನೆ.
ಅನುಮತಿ ಆಮೇಲೆ ಕೊಡಿ.
ಒಬ್ಬರು ತುಂಬಿಯಾಯಿತು: ಬಣ್ಣ ಆರಾಕ.
ಲಾಂಛನದ ಕೊಡೆ ಇರಲಿ.

ಬೀರುವಿನ ಮೇಲೆ ಹೆಚ್ಚುವರಿ ಮಾಪಕವೊಂದಿತ್ತು,
ಏಳು ವರ್ಷದಿಂದ ಸೀಮೆಸುಣ್ಣದ ತುಂಡು ತುಂಬಿಕೊಂಡು.
ತೊಳೆದು, ದುಂಡಪ್ಪನವರ ಸೈಕಲ್ಲಿಗೆ ಕಟ್ಟಿ,
ಬೆಟಗೇರಿಯ ಆ ಅಂಗಳದಲ್ಲಿ ಮಟ್ಟ ನೋಡಿ ನೆಟ್ಟೆವು.
ಪ್ರೊಫೆಸರರು ಬರಲಿಲ್ಲ; ಮಟ್ಟಗೋಲು ಕಳಿಸಿದ್ದರು.

ಮರುದಿನ ಎಂಟೂವರೆಗೆ ಫೋನು.
"ಮೇಡಮ್, ಏನಿಲ್ರಿ ಇದರಾಗ. ಖಾಲಿ."
ಖಾಲಿ ಅಂತ ಬರೀಬೇಡಿ. ಸೊನ್ನೆ,
ಆಮೇಲೆ ಬಿಂದು, ಮತ್ತೊಂದು ಸೊನ್ನೆ.
"ಬರದ ಮಳಿಗೆ ಎರಡೆರಡು ಸೊನ್ನಿ?"
ಹೇಳಲು ಹೊರಟೆ. ಅಷ್ಟರಲ್ಲಿ,
"ಅಯ್ಯ, ತಡೀರಿ, ಕೈಗೆ ನೀಲಿ ಹತ್ತಿತ್ತು,
ಹೊಸಾ ಪುಸ್ತಕ ಹೊಲಸಾತು."
ಆಗಲಿ, ಅಂದೆ. ಅಳಿಸಬೇಡಿ.