ಬಾಗಿಲಿಗೆ ಎಡಗೈ

ಲಿಂಗರಾಜಪುರದ ಮೇಲ್ಸೇತುವೆಯ ಪಕ್ಕ, ಇಳಿಜಾರಿನ ಗಲ್ಲಿಯಲ್ಲಿ
ಅಂತೋಣಪ್ಪನ ಟಿಂಕರಿಂಗ್ ಶೆಡ್ಡು.
ಒಳಗೆ ನಾಲ್ಕು ಗಾಡಿ, ನಾಲ್ಕಕ್ಕೂ
ಒಂದೊಂದು ಕಡೆ ಬಣ್ಣ ಹೋಗಿದೆ.

"ನಿಲ್ಲಿಸಿದ್ದೆ. ಯಾರೋ ಗುದ್ದಿ ಹೊರಟುಹೋದರು" ಅಂದೆ.
ಅವನು ಮಾತಾಡಲಿಲ್ಲ.
ಚಹಾದ ಲೋಟ ಬಾನೆಟ್ಟಿನ ಮೇಲಿಡಲು ಹೋಗಿ, ಇಡದೆ,
ಬಗ್ಗಿ ನೆಲದ ಮೇಲಿಟ್ಟು,
ಬಾಗಿಲ ಅಂಚಿಗೆ ಹೆಬ್ಬೆರಳು ತಂದ
ಮಗುವಿನ ದವಡೆ ಮುಟ್ಟಿ
ಮಂಗನಬಾವೋ ಏನೋ ಎಂದು ನೋಡುವ ಹಾಗೆ.

"ಮುಚ್ಚಿದ ಬಾಗಿಲಿಗೆ ಗುದ್ದಿದ್ದರೆ ತಗಡು ಒಳಕ್ಕೆ ಹೋಗ್ತಿತ್ತು ಮೇಡಂ.
ಇದು ಮುಂದಕ್ಕೆ ಮಡಚಿದೆ. ಕೀಲು ಬಿಟ್ಟಿದೆ.
ಬಾಗಿಲು ತೆಗೆದಿತ್ತು.
ಯಾರದು ಸೈಕಲ್ಲು?"

ಮಂಗಳವಾರ, ಸಂಜಯನಗರ, ಬೆಳಿಗ್ಗೆ ಆರೂಮುಕ್ಕಾಲು.
ಹಾಲಿನ ಬೂತಿನೆದುರು ಇಂಜಿನ್ ಆರಿಸುವ ಮೊದಲೇ
ನನ್ನ ಬಲಗೈ ಹಿಡಿಕೆಯ ಮೇಲಿತ್ತು.
ಕನ್ನಡಿ ಇತ್ತು. ಕನ್ನಡಿಯಲ್ಲಿ ಅವನೂ ಇದ್ದಿರಬೇಕು.
ನಾನು ಇರಲಿಲ್ಲ ಅಷ್ಟೆ.

ಆಮೇಲೆ ರಸ್ತೆ ತುಂಬ ಮೆಂತ್ಯ.
ದಂಟು, ಸಬ್ಬಸಿಗೆ, ಒದ್ದೆ ಗೋಣಿಚೀಲ,
ಇನ್ನೂ ತಿರುಗುತ್ತಲೇ ಇದ್ದ ಒಂದು ಚಕ್ರ.
ಮುದುಕ ಎದ್ದು, ಮೊಣಕೈ ಒರೆಸಿಕೊಂಡು
"ಪರವಾಗಿಲ್ಲ ಬಿಡಮ್ಮ" ಅಂದ.
ಕಟ್ಟುಗಳನ್ನು ಎಣಿಸಿ ಎಣಿಸಿ ಚೀಲಕ್ಕೆ ಹಾಕಿದ.
ನಾನು ಐನೂರು ಕೊಡಹೋದೆ.
"ಚಿಲ್ಲರೆ ಇಲ್ಲ" ಅಂದ.

ಇಷ್ಟನ್ನೂ ಅಂತೋಣಪ್ಪನಿಗೆ ಹೇಳಲಿಲ್ಲ.
"ಸೊಪ್ಪಿನವರು" ಅಂದೆ.
ಅವನು ತಲೆದೂಗಿ ಸುತ್ತಿಗೆ ಆರಿಸತೊಡಗಿದ,
ದೊಡ್ಡದು ಬಿಟ್ಟು, ಮರದ್ದು ಬಿಟ್ಟು, ಕೊನೆಗೆ ಸಣ್ಣದು.

ಬಡಿಯುವ ನಡುನಡುವೆ ಮಾತು.
"ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡ್ತೀರಿ,
ಚಕ್ರದಲ್ಲಿ ಗಾಳಿ ಎಷ್ಟಿದೆ ಅಂತ ವರ್ಷಕ್ಕೊಮ್ಮೆ ನೋಡಲ್ಲ.
ನಿಂಬೆಹಣ್ಣಿಗೆ ಗಾಳಿ ತುಂಬೋಕೆ ಬರತ್ತಾ?
ಬಸ್ಸಿನ ಬೆನ್ನ ಮೇಲೆ ಸೀರೆ ಜಾಹೀರಾತು ಇರತ್ತಲ್ಲ,
ಅದರ ಬೆಲೆ ಓದೋಷ್ಟು ಹತ್ತಿರ ಹೋದ್ರೆ
ಸೀರೆ ದುಡ್ಡು ನನಗೇ ಬರತ್ತೆ.
ಮಳೇಲಿ ಅಂಡರ್‌ಪಾಸ್ ಮುಂದೆ ನಿಂತಾಗ
ಮುಂದಿನ ಆಟೋದ ಚಕ್ರ ಕಾಣ್ತಿಲ್ಲ ಅಂದ್ರೆ
ಹಿಂದಕ್ಕೆ ಬಂದು ಟೀ ಕುಡೀರಿ.
ಇನ್ನು ಹಂಪು! ಈ ಊರಲ್ಲಿ ಹಂಪು ರಾತ್ರಿ ಹುಟ್ಟತ್ತೆ,
ಬಣ್ಣ ಹಚ್ಚೋಕೆ ಮೂರು ವರ್ಷ."

ನಗು ಬಂತು. ಅವನು ನಗಲಿಲ್ಲ.
"ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕ್ಕೊಳ್ತಿದೀನಿ, ಆದರೂ ಕೇಳಿ.
ಊಟಕ್ಕೆ ಬಲಗೈ. ಬಾಗಿಲಿಗೆ ಎಡಗೈ."

ನನ್ನನ್ನು ಸೀಟಿನಲ್ಲಿ ಕೂರಿಸಿದ.
ಎಡಗೈಯಿಂದ ಬಲಬದಿಯ ಬಾಗಿಲು ತೆಗೆಯಲು
ಎದೆ ತಿರುಗಬೇಕು, ಹೆಗಲು ತಿರುಗಬೇಕು,
ಹೆಗಲ ಹಿಂದೆಯೇ ಕತ್ತು.
ಕತ್ತು ತಿರುಗಿದರೆ
ಬಂದ ದಾರಿ ಅಷ್ಟುದ್ದ ಕಾಣುತ್ತದೆ:
ಹೊಂಗೆಯ ನೆರಳು, ಬಿದ್ದುಕೊಂಡ ನಾಯಿ,
ಸಿಲಿಂಡರಿನ ಗಾಡಿ, ಅದರ ಹಿಂದೆ
ಸ್ಕೂಲ್ ಬ್ಯಾಗು ಹೊತ್ತು ಒಂಟಿ ಪೆಡಲಿನಲ್ಲಿ ಬರುತ್ತಿರುವ ಹುಡುಗಿ.
"ಅವಳು ಹೋಗಲಿ" ಅಂದ.
ಹೋದಳು.
"ಈಗ ಇಳೀರಿ."

ಶನಿವಾರ ಗಾಡಿ ಬಂತು. ಬಿಲ್ಲು ಹಳದಿ ಚೀಟಿಯಲ್ಲಿ:
ಬಾಗಿಲು, ಕೀಲು, ಪುಟ್ಟಿ, ಎರಡು ಕೋಟು ಬಣ್ಣ.
ನಾಲ್ಕು ಸಾವಿರದ ಇನ್ನೂರು.
ಮೆಂತ್ಯದ ಸಾಲು ಅದರಲ್ಲಿರಲಿಲ್ಲ.

ಈಗ ಎಲ್ಲಿ ನಿಲ್ಲಿಸಿದರೂ
ಎಡಗೈ ತಾನಾಗಿ ಏಳುತ್ತದೆ.
ಪರ್ಸಿನಲ್ಲಿ ಹತ್ತು ಇಪ್ಪತ್ತರ ನೋಟುಗಳ ಸಣ್ಣ ಕಟ್ಟು ಇಟ್ಟುಕೊಂಡಿದ್ದೇನೆ.
ಹಾಲಿನ ಬೂತಿನ ಮುಂದೆ
ಬೇರೆ ಯಾರೋ ಸೊಪ್ಪು ಕೂಗುತ್ತಾರೆ.
ದನಿ ಎಳೆಯದು.