ಚಿಲ್ಲರೆ ಬಾಕಿ

ದೀವಗಿಯ ಗುಡ್ಡದ ಮೇಲೆ ಹನ್ನೆರಡು ಗುಂಟೆ.
ಅಕೇಶಿಯಾ ಕಡಿದು ಮಾರಿದವರು
ಬುಡಗಳನ್ನೂ ಬೆಂದ ಚಿರೆಕಲ್ಲನ್ನೂ ಬಿಟ್ಟು ಹೋಗಿದ್ದರು.
ಸಾಲ ಮಾಡಿ ಇದನ್ನು ಕೊಂಡೆ ಎಂದಾಗ
ಡ್ರೈವರ್ ಜಟ್ಟಪ್ಪ ಸ್ಟೇರಿಂಗಿಗೆ ಹಣೆಯಿಟ್ಟು ನಕ್ಕ:
"ಕಲ್ಲಿಗೆ ಟಿಕೆಟ್ ಹರೀತ್ಯೇನೋ ಮಾರಾಯಾ?"

ಇಪ್ಪತ್ತಾರು ವರ್ಷ ಶಿರಸಿ–ಕುಮಟಾ, ಕುಮಟಾ–ಶಿರಸಿ.
ಬಸ್ಸು ಕೆಟ್ಟಲ್ಲೆಲ್ಲ ಇಳಿದು ಬೀಜ ಹೆಕ್ಕಿದವ ನಾನು.
ದೇವಿಮನೆ ಘಟ್ಟದಲ್ಲಿ ಕೆಡದ ವಾರವಿರಲಿಲ್ಲ,
ಹಾಗಾಗಿ ನನ್ನಲ್ಲಿ ಘಟ್ಟದ ಮರವೇ ಹೆಚ್ಚು.
ಚರ್ಮದ ಚೀಲದಲ್ಲಿ ಒಂದು ಖಾನೆ ನೋಟಿಗೆ,
ಒಂದು ನಾಣ್ಯಕ್ಕೆ, ಮೂರನೆಯದು
ರಂಜಲು, ರಾಮಪತ್ರೆ, ಅಳಲೆ, ಹೊನ್ನೆಗೆ.
ಹೊನ್ನೆಯ ಕಾಯಿ ಬಿಲ್ಲೆಯ ಹಾಗೆ ಚಪ್ಪಟೆ;
ಕತ್ತಲಲ್ಲಿ ಒಮ್ಮೆ ಚಿಲ್ಲರೆಯೆಂದು ಕೊಟ್ಟೆ
ಮಾಸ್ತರರೊಬ್ಬರಿಗೆ. "ಹೊನ್ನೇ ಕೊಟ್ಟೆಯಲ್ಲೋ" ಎಂದು
ಹಿಂತಿರುಗಿಸಿದರು.

ಬೀಜ ಪೆನ್ಶನ್ನಿಗೆ ಕಾಯುವುದಿಲ್ಲ.
ಕ್ವಾರ್ಟರ್ಸಿನ ಹಿತ್ತಲಲ್ಲಿ ಎಣ್ಣೆ ಡಬ್ಬಗಳ ಸಾಲಿತ್ತು,
ಗುಡ್ಡ ಸಿಕ್ಕಾಗ ಟೆಂಪೋ ತುಂಬಿ ತಂದೆ.
ಹಾರೆ ಮೊಂಡಾಗುವವರೆಗೆ ಗುಂಡಿ ತೋಡಿದೆ,
ದಾರಿಯ ದರಕು ಗುಡಿಸಿ ತುಂಬಿದೆ,
ಅಕೇಶಿಯಾ ಮೊಳಕೆ ಕಿತ್ತೆ, ಕಿತ್ತೆ, ಈಗಲೂ ಕೀಳುತ್ತೇನೆ.
ಅಂಗಡಿಯವನು ಕೊಟ್ಟ ಗೊಬ್ಬರದ ಗುಳಿಗೆ
ಎರಡು ಸಸಿ ಕೊಂದಿತು. ಮತ್ತೆ ಯಾರನ್ನೂ ಕೇಳಲಿಲ್ಲ.
ಶೇವಂತಿ ಪೇಟೆಯಿಂದ ತಂದ ಗುಲಾಬಿ ಮೇ ದಾಟಲಿಲ್ಲ.
ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಗುದ್ದಲಿ ಹಿಡಿದು ಬಂದು
"ಆ ಕೇಪಳ ಅಲ್ಲಿ ಬೇಡ, ಇಲ್ಲಿ ಹಾಕಿ" ಎಂದಳು.
ಅವಳು ಹೇಳಿದ್ದೇ ಸರಿಯಿತ್ತು.

ಗಿಡಗಳನ್ನು ನಾನು ಸ್ಟಾಪಿನ ಹೆಸರಲ್ಲಿ ಕರೆಯುತ್ತೇನೆ.
ಹನುಮಂತಿಯ ಹೊನ್ನೆ. ರಾಗಿಹೊಸಳ್ಳಿಯ ಎರಡು ಮುರುಗಲು:
ಒಂದು ಕಾಯಿ ಬಿಡುತ್ತದೆ, ಇನ್ನೊಂದು ಗಂಡೆಂದು
ಒಂಬತ್ತನೇ ವರ್ಷ ತಿಳಿಯಿತು. ಇರಲಿ,
ಪಾಸಿನವರೂ ಸೀಟಿನಲ್ಲೇ ಕೂರುತ್ತಾರಲ್ಲ.
ಅಡಿಯಲ್ಲಿ ನೆಕ್ಕರಿಕ, ಬೆಳ್ಳಟ್ಟೆ, ದೂರದಿಂದ ನಿಂತೇ ಬಂದವರು.
ಶ್ರಾವಣಕ್ಕೆ ಚಿರೆಕಲ್ಲಿನ ಬಿರುಕಲ್ಲಿ ಕರ್ಣಕುಂಡಲ;
ಅಲ್ಲಿರುವ ಮಣ್ಣು ಒಂದು ಚಮಚ.
ಟಿಕೆಟ್ಟಿಲ್ಲದೆ ಹತ್ತಿದವರೂ ಇದ್ದಾರೆ:
ಪಿಕಳಾರದ ಹೊಟ್ಟೆಯಲ್ಲಿ ಕವಳಿ,
ಪುನುಗಿನ ಬೆಕ್ಕು ಬಂಡೆಯ ಮೇಲಿಳಿಸಿದ ಬೈನೆ,
ಹೆಸರೇ ತಿಳಿಯದ ಒಂದು, ಎಲೆ ಹೊಸಕಿದರೆ ಮಾವಿನ ವಾಸನೆ.
ಆಗ ದಂಡ ಹಾಕಿ ಇಳಿಸುತ್ತಿದ್ದೆ.
ಈಗ, ಹಿಂದೆ ಜಾಗವಿದೆ, ಸರೀರಿ.

ಬಂಡಲದ ಬೀರಿಯದು ಮಾತ್ರ ಬೇರೆ ಲೆಕ್ಕ.
ಹೊಗೆ ನಾರುವ ಉಪ್ಪಾಗೆ ಸಿಪ್ಪೆಯ ಬುಟ್ಟಿ;
ಲಗೇಜು ಹರಿದವ ನಾನೇ.
ಎರಡೂವರೆ ರೂಪಾಯಿ ಅವಳಿಗೆ ಬರಬೇಕು, ಚಿಲ್ಲರೆಯಿಲ್ಲ,
ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟೆ.
ಓದು ಬಾರದವಳು ತಿರುಗಿಸಿ ನೋಡಿ
ಸೆರಗಿನ ಗಂಟು ಬಿಚ್ಚಿ ನಾಲ್ಕು ಬೀಜ ನನ್ನ ಅಂಗೈಗೆ ಹಾಕಿದಳು:
"ಸುರಗಿ. ಹುಗಿ. ಚಿಲ್ರೆ ಆಮೇಲೆ ಹೂವಲ್ಲೇ ಕೊಡು."
ಕುಮಟಾ ಸ್ಟ್ಯಾಂಡಿನ ಗದ್ದಲದಲ್ಲಿ ಅವಳಿಳಿದದ್ದು ಕಾಣಲಿಲ್ಲ.
ಎರಡೂವರೆ ರೂಪಾಯಿ ಮೇಲಿನ ಕಿಸೆಯಲ್ಲಿಟ್ಟುಕೊಂಡು
ಎಷ್ಟೋ ದಿನ ಬಂಡಲದಲ್ಲಿ ಬಾಗಿಲು ತೆರೆದೆ.
ಮಗಳ ಮನೆಗೆ ಹೋದಳೆಂದರು ಕೆಲವರು. ಕೆಲವರು ಬೇರೆ ಹೇಳಿದರು.

ನಾಲ್ಕರಲ್ಲಿ ಮೊಳೆತದ್ದು ಒಂದು.
ಹತ್ತೊಂಬತ್ತು ವರ್ಷ ಬರಿ ಎಲೆ.
ಈ ಫೆಬ್ರವರಿ, ಚಿಗುರಲ್ಲಲ್ಲ,
ಹಳೆಯ ಟೊಂಗೆಯ ತೊಗಟೆ ಒಡೆದು ಮೊಗ್ಗು.
ಜೇನು ಬರುವ ಮೊದಲೇ ಬ್ಯಾಟರಿ ಹಿಡಿದು ಕೊಯ್ದೆವು.
ಶೇವಂತಿ ಒಂದು ಮೊಳ ಕಟ್ಟಿದಳು, ಅಳೆದಳು,
"ಬಡ್ಡಿ?" ಎಂದು ಇನ್ನೊಂದು ಗೇಣು ಸೇರಿಸಿದಳು.

ಮೊದಲ ಶಿರಸಿ ಬಸ್ಸು. ಹುಡುಗ ಕಂಡಕ್ಟರ್
ಮಷಿನ್ ಒತ್ತಿ ನೋಟು ತಗೊಂಡು
"ಚಿಲ್ರೆ ಇಲ್ಲ ಅಜ್ಜಾ, ಇಳಿವಾಗ ಕೇಳಿ" ಎಂದ.
ಬಂಡಲ ಬಂತು. ಕೇಳದೆ ಇಳಿದೆ.
ರಸ್ತೆಯಲ್ಲಿ ಯಾರೂ ಇರಲಿಲ್ಲ.
ಬೀರಿಯ ಮನೆ ಯಾವ ಕಡೆಯೆಂದು ಕೇಳಲು
ಯಾರಾದರೂ ಬರಲಿ ಎಂದು ಕಾಯುತ್ತ
ಬಿದ್ದ ಅಂಟುವಾಳ ಹೆಕ್ಕಿದೆ, ಏಳೋ ಎಂಟೋ.