ಚಾಲು

ಅಕ್ಕಲಕೋಟ ರೋಡಿನ ನಮ್ಮ ಟಾವೆಲ್ ಕಾರಖಾನ್ಯಾಗ
ಮಾತು ಕಿವಿಗೆ ಬರೂದಿಲ್ಲ, ಕಣ್ಣಿಗೆ ಬರತದ.
ನಲವತ್ತೆಂಟು ಮಗ್ಗ ಒಮ್ಮೆಲೆ ಬಡಿಯೂವಾಗ
ಯಾರ ತುಟಿ ಏನಂತು ಅನ್ನೂದು
ಹದಿನೈದು ದಿನದಾಗ ಕಲೀತಾರ ಹೊಸಬರು.
ಬಾಬಿನ್ ತಾ. ನೂಲು ಹರೀತು. ಚಾ ಬಂತು.
ಆಫೀಸಿಗೆ ಮರಾಠಿ, ಮಗ್ಗದವರಿಗೆ ತೆಲುಗು,
ನಮ್ಮ ನಮ್ಮೊಳಗ ಕನ್ನಡ.
ನಾ ಮುಕಾದಮ. ಇಪ್ಪತ್ತೊಂದು ವರ್ಷದಿಂದ ತುಟಿ ಓದಿದವ.

ಮಡಿಕೆ ಖಾತ್ಯಾದ ಮಹಾನಂದಾ ಬಿರಾಜದಾರ
ಹೋದ ಶ್ರಾವಣದಾಗ ಎರಡು ದಿನ ತರಬೇತಿಗೆ ಹೋಗಿ ಬಂದಳು.
ಗೋಡೆ ಮ್ಯಾಲೆ, ಅಯೋಡಿನ್ ಪಟ್ಟಿ ಇರೂ ಡಬ್ಬಿ ಬಾಜೂಕ
ಆಕಿ ಫೋಟೋ ಹಚ್ಚಿ, ಮರಾಠಿಯಾಗ ಬರೆದರು:
ಮನಸ್ಸಿನ ಪ್ರಥಮೋಪಚಾರ.
ಮೊದಲು ನಕ್ಕವ ನಾನ.
ಮನಸಿಗೆ ಎಷ್ಟು ಇಂಚಿನ ಪಟ್ಟಿ ಬೇಕು ತಾಯಿ, ಅಂದೆ.
ಆಕಿ ಟಾವೆಲ್ ಮಡಚೂದು ಬಿಡಲಿಲ್ಲ.
"ನಾ ಡಾಕ್ಟರ್ ಅಲ್ರಿ ಕಾಕಾ.
ಡಾಕ್ಟರ್ ಸಿಗೂತನಕ ರಕ್ತ ಒತ್ತಿ ಹಿಡಿಯೂ ಕೈ, ಅಷ್ಟ."

ಮಾರ್ಚ್. ತಗಡಿನ ಮಾಡು ಕಾದು ಹಂಚಾಗಿತ್ತು.
ಮೂವತ್ತೊಂದನೇ ಮಗ್ಗದ ಅಂಬಾದಾಸ ಗುಂಡೇಟಿ
ಯಾರನ್ನೂ ನೋಡದ ನಿಂತಿದ್ದ,
ತುಟಿ ಆಡತಿತ್ತು: ಚಾಲು. ಚಾಲು.
ಮಗ್ಗ ಚಾಲು ಅದ, ಅಂತ ಓದಿದೆ.
ಹೆಬ್ಬೆಟ್ಟು ಎತ್ತಿ ತೋರಿಸಿ ಮುಂದ ನಡೆದೆ.
ಮೂರು ದಿನ ಹಿಂಗ. ಮೂರು ಸಲ ಹೆಬ್ಬೆಟ್ಟು.

ಗಂಟು ಒಯ್ಯಾಕ ಬಂದ ಮಹಾನಂದಾ ನಿಂತಬಿಟ್ಟಳು.
ಬೀಡಿ ಕಟ್ಟೂ ತೆಲುಗು ಮಂದಿ ಓಣ್ಯಾಗ ಬೆಳೆದಾಕಿ.
ಅವರ ಮನ್ಯಾಗ ಅನ್ನ ನೀಡೂವಾಗ
ತಾಟಿನ ಮ್ಯಾಲೆ ಕೈ ಅಡ್ಡ ಹಿಡಿದು ಅಂತಾರ ಚಾಲು.
ಅಂದ್ರ, ಸಾಕು.

ಅದ ಶಬ್ದ. ನಮಗ ಓಡೂದು, ಅವರಿಗೆ ನಿಲ್ಲೂದು.

ಮಗ್ಗ ಬಂದ್ ಮಾಡ್ರಿ, ಅಂತ ನನಗ ಕೈ ಮಾಡಿದಳು.
ಆರ್ಡರ್ ಇತ್ತು. ಶುಕ್ರವಾರ ಕಂಟೇನರ್ ಮುಂಬಯಿಗೆ ಹೊರಡಬೇಕು.
ನಾ ಒಂದು ಕ್ಷಣ ತಡದೆ.
ಆ ಕ್ಷಣದ ಉದ್ದ ನನಗಷ್ಟ ಗೊತ್ತು.

ನೂಲಿನ ಗೋದಾಮಿನ ಹಿಂದ, ಬೇವಿನ ಗಿಡದ ಕೆಳಗ
ಅವಗ ಚಾ ಒಯ್ದವ ಕೇಳಿಸಿಕೊಂಡೆ.
ಅವನ ಭಾಷ್ಯಾಗ, ಯಾವ ಹೊದಿಕಿನೂ ಹೊಚ್ಚದ, ಆಕಿ ಕೇಳಿದಳು:
ಸಾಯಬೇಕು ಅನಸತದೇನು, ಅಣ್ಣಾ?
ಗ್ಲಾಸು ನನ್ನ ಬೆರಳು ಸುಟ್ಟಿತು.
ಇಂಥಾದ್ದು ಕೇಳಿದ್ರ
ಇಲ್ಲದ್ದು ತಲ್ಯಾಗ ತುಂಬಿದಂಗ ಅಂತ ತಿಳಿದವ ನಾ.
ಹಂಗಾಗಲಿಲ್ಲ. ಅವನ ಹೆಗಲು ಇಳಿದವು,
ಬೀಮಿನ ಬಿಗಿ ಸಡಿಲ ಬಿಟ್ಟಂಗ.
ಹೂಂ, ಅಂದ.

ದೇವರದಾನ ಅನ್ನಲಿಲ್ಲ ಆಕಿ.
ಹೆಂಡ್ರು ಮಕ್ಕಳ ಮಾರಿ ನೋಡು ಅನ್ನಲಿಲ್ಲ.
ಎರಡೂ ನನ್ನ ಬಾಯಾಗ ತಯಾರಿದ್ದವು, ನುಂಗಿದೆ.
ಚಾ ಆರೂತನಕ ಕೂತಳು. ಆರಿದ ಮ್ಯಾಲೂ.

ಅವನ ತಮ್ಮಗ ಫೋನ್ ಹೋತು. ಮರುದಿನ ಸಿವಿಲ್ ಆಸ್ಪತ್ರಿ,
ಚೀಟಿ ಸಾಲಿನ್ಯಾಗ ನಿಲ್ಲಾಕ ನಾನೂ ಹೋದೆ.
ಗುಳಿಗಿ. ವಾರಕ್ಕೊಮ್ಮೆ ಮಾತು.
ಆಫೀಸಿನವರು ಪಗಾರ ಹಿಡಿದರು,
ಆಕಿ ಜಗಳಾಡಿ ಅರ್ಧ ಬಿಡಿಸಿದಳು.
ಪೂರಾ ಆರಾಮಾದನೇನು? ಗೊತ್ತಿಲ್ಲ.
ಬಾಗಿಲ ಹತ್ರದ ಮಗ್ಗ ಕೊಟ್ಟೇನಿ, ಗಾಳಿ ಬರತದ.
ಕೆಲವು ದಿನ ಬರತಾನ. ಕೆಲವು ದಿನ ಇಲ್ಲ.
ಬರದಿದ್ದ ದಿನ ಫೋನ್ ಮಾಡತೇನಿ ಈಗ,
ಮೊದಲು ಗೈರುಹಾಜರಿ ಬರೀತಿದ್ದೆ.

ಇವತ್ತ, ಅದ ಗದ್ದಲದಾಗ,
ಗಂಟು ಹೊತ್ತು ಹೊಂಟ ಮಹಾನಂದಾ
ನನ್ನ ಕಡೆ ತಿರುಗಿ ಬರೇ ತುಟೀಲೆ ಕೇಳಿದಳು:
ಕಾಕಾ, ಹ್ಯಾಂಗ ನಡದದ?
ಚಾಲು, ಅಂದೆ.
ಆಕಿ ಹೋಗಲಿಲ್ಲ.
ತಲಿ ಮ್ಯಾಲಿನ ಗಂಟು ಸರಿ ಮಾಡಿಕೊಂಡು
ಇನ್ನೊಮ್ಮೆ ನನ್ನ ತುಟಿ ನೋಡಿದಳು,
ಯಾವ ಭಾಷಾದ್ದು ಅಂತ.